ಸೊನ್ನೆ ಪಾಯಿಂಟ್ ಹತ್ತು

ಕೇಕಿನ ಮೇಲೆ ಅಂಕಿ ಬರೆದಾಗಿತ್ತು. ಹಾಲನ್ನು ಕುದಿಸಿ ಕುದಿಸಿ ಕಂದು ಬಣ್ಣಕ್ಕೆ ಇಳಿಸಿದ ಪಾಕವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೂಲೆ ಕತ್ತರಿಸಿ ಹಿಂಡುತ್ತ ನೆಲಿದಾ ಮೊದಲು ಒಂದು ಬರೆದಳು, ಪಕ್ಕದಲ್ಲಿ ಚುಕ್ಕೆಯಿಟ್ಟಳು, ಆಮೇಲೆ ದುಂಡಗೆ ಸೊನ್ನೆ ಎಳೆದಳು. 1.0. ಕೇಕನ್ನು ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಲೆಟಿಸ್ ಸೊಪ್ಪಿನ ಹಿಂದೆ ಅಡಗಿಸಿ, ಬೆರಳು ನೆಕ್ಕಿಕೊಂಡು, ಬ್ರೌಲಿಯೋನ ಅಂಗಿಗೆ ಇಸ್ತ್ರಿ ಹಾಕಲು ನಿಂತಳು.

ಬ್ರೌಲಿಯೋ ಅವಳ ತಮ್ಮನಲ್ಲ, ನೆಂಟನೂ ಅಲ್ಲ. ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಗಲ್ಲಾದ ಮೇಲೆ ಲ್ಯಾಪ್‌ಟಾಪ್ ತೆರೆದು ಇವರ ಆಟಕ್ಕೆ ಕೋಡ್ ಬರೆಯುತ್ತಿದ್ದ. ಆಟದ ಹೆಸರು ಕಮಲೋತೆ. ಮಹಾಪೂರ ಬಂದಾಗ ಉರುಗ್ವಾಯ್ ನದಿಯಲ್ಲಿ ತೇಲಿ ಬರುವ ಜೊಂಡಿನ ರಾಶಿಗೆ ಪೈಸಾಂದೂ ಊರಿನವರು ಹೇಳುವ ಹೆಸರು ಅದು. ಆಡುವವರು ಆ ತೇಲುವ ರಾಶಿಯ ಮೇಲೆ ಮನೆ, ಅಂಗಡಿ, ಸೇತುವೆ ಕಟ್ಟಿ ಒಂದು ಊರು ಮಾಡಬೇಕು. ಆಟ ಆಡಲು ದುಡ್ಡು ಕೊಡಬೇಕಿಲ್ಲ. ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮಾತುಗಳನ್ನು ಬರೆಯುವುದು, ಹೊಸ ಆವೃತ್ತಿಯನ್ನು ಕಟ್ಟಿ ಹೊರಗೆ ಬಿಡುವುದು ನೆಲಿದಾಳ ಕೆಲಸ. ಚಿತ್ರ ಬರೆಯುವವನು ಅವಳ ಮೈದುನ ಅನ್ಸೆಲ್ಮೋ.

ಹೊಸ ಆವೃತ್ತಿಗೆ ಯಾವ ಅಂಕಿ ಎಂಬುದನ್ನು ಮೂವರೂ ಶನಿವಾರ ಮಧ್ಯಾಹ್ನ ಅವಳ ಅಡುಗೆಮನೆಯ ಮೇಜಿನ ಸುತ್ತ ಕೂತು ತೀರ್ಮಾನಿಸುತ್ತಿದ್ದರು. ಕೈ ಎತ್ತುವ ಪದ್ಧತಿ ಇಲ್ಲ. ನೆಲಿದಾ ಸೋರೆಬುರುಡೆಗೆ ಮಾಟೆ ಎಂಬ ಚಹಾದಂಥ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಮೊದಲು ತಾನು ಕೊಳವೆಯಿಂದ ಹೀರಿ, ಆಮೇಲೆ ಒಬ್ಬೊಬ್ಬರಿಗೆ ಕೊಡುತ್ತಾಳೆ. ಕುಡಿದವರು ಸುಮ್ಮನೆ ಬುರುಡೆ ಹಿಂದಿರುಗಿಸಿದರೆ ಇನ್ನೂ ಬೇಕೆಂದು ಅರ್ಥ. ‘ಗ್ರಾಸಿಯಾಸ್’, ಅಂದರೆ ಧನ್ಯವಾದ, ಎಂದು ಹೇಳಿ ಕೊಟ್ಟರೆ ಸಾಕು, ಅವರು ಸುತ್ತಿನಿಂದ ಎದ್ದ ಹಾಗೆ. ಉರುಗ್ವಾಯ್ ದೇಶದ ಎಲ್ಲ ಮನೆಗಳ ರೂಢಿ ಅದು. ಈ ಮೂವರು ಅದಕ್ಕೊಂದು ಗಂಟು ಹಾಕಿದ್ದರು: ಅಂಕಿ ಒಪ್ಪಿದವರು ಮಾತ್ರ ಗ್ರಾಸಿಯಾಸ್ ಹೇಳಬೇಕು. ಒಬ್ಬರಾದರೂ ಕುಡಿಯುತ್ತಲೇ ಇದ್ದರೆ ಅಂಕಿ ತೀರ್ಮಾನವಾದ ಹಾಗಲ್ಲ.

ಈ ಸಲ ಎರಡೇ ಸುತ್ತಿಗೆ ಮುಗಿಯುತ್ತದೆಂದು ನೆಲಿದಾ ಎಣಿಸಿದ್ದಳು. ಒಂಬತ್ತು ಆವೃತ್ತಿಗಳಿಂದಲೂ ಮೊದಲ ಅಂಕಿ ಸೊನ್ನೆಯೇ ಇತ್ತು. ಈಗ ಬ್ರೌಲಿಯೋ ಆಟದ ನೀರನ್ನೇ ಹೊಸದಾಗಿ ಬರೆದಿದ್ದ. ಮೊದಲು ಬಟ್ಟೆ ಹಾಸಿದ ಹಾಗೆ ಮಲಗಿರುತ್ತಿದ್ದ ನದಿ ಈಗ ಏರುತ್ತಿತ್ತು, ಇಳಿಯುತ್ತಿತ್ತು, ದಡ ನೆಕ್ಕುತ್ತಿತ್ತು. ಮೊದಲ ಸಲ ನೋಡಿದಾಗ ನೆಲಿದಾ ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದಳು. ಅಂದಿನ ಸಾರು ತಳ ಹತ್ತಿತ್ತು. ರಾಜಧಾನಿ ಮೋಂತೆವಿದೇವೋದಲ್ಲಿ ಆಟಗಳ ಮೇಳವೊಂದಿತ್ತು. ಅಲ್ಲಿಗೆ ಮುಗಿದ ಆಟಗಳು ಮಾತ್ರ, ಎಂದರೆ ಒಂದನ್ನು ಮುಟ್ಟಿದವು ಮಾತ್ರ ಸಲ್ಲುತ್ತವೆ. ಇಂದು ಸಂಜೆ ಆರರೊಳಗೆ ಕಳಿಸಬೇಕು. ಆಯ್ಕೆಯಾದರೆ ಬ್ರೌಲಿಯೋ ವೇದಿಕೆ ಹತ್ತಿ ತನ್ನ ನೀರಿನ ಬಗ್ಗೆ ಮಾತಾಡಬಹುದು. ಹೋದ ವಾರ ಅವನು ಅವಳ ಫ್ರಿಜ್ಜಿನ ಮುಂದೆ ನಿಂತು, ಫ್ರಿಜ್ಜನ್ನೇ ಸಭೆ ಮಾಡಿಕೊಂಡು ಭಾಷಣ ಒಪ್ಪಿಸಿದ್ದ. ಆ ದಿನಕ್ಕೆಂದೇ ಇಸ್ತ್ರಿ ಮಾಡಿದ ಅಂಗಿಯನ್ನು ನೆಲಿದಾ ಬಾಗಿಲ ಮೊಳೆಗೆ ತೂಗುಹಾಕಿದಳು.

ಮೊದಲ ಸುತ್ತಿನಲ್ಲೇ ಅನ್ಸೆಲ್ಮೋ, “ಒಂದು ಪಾಯಿಂಟ್ ಸೊನ್ನೆ. ಗ್ರಾಸಿಯಾಸ್ ಅತ್ತಿಗೆ,” ಎಂದು ಬುರುಡೆ ಕೊಟ್ಟ. ಎರಡನೆಯ ಸುತ್ತಿಗೆ ನೆಲಿದಾಳೂ ಗ್ರಾಸಿಯಾಸ್ ಎಂದು ತನ್ನ ಪಾಲು ಮುಗಿಸಿದಳು.

ಬ್ರೌಲಿಯೋ ಕುಡಿದ. ಏನೂ ಹೇಳದೆ ಬುರುಡೆ ಹಿಂದೆ ಕೊಟ್ಟ.

ಅವಳು ಮತ್ತೆ ಹೊಯ್ದಳು. ಅವನು ಮತ್ತೆ ಸುಮ್ಮನೆ ಕೊಟ್ಟ. ಕೆಟಲಿನ ನೀರು ಮುಗಿದು ಇನ್ನೊಂದು ಸಲ ಕಾಯಿಸಿದ್ದಾಯಿತು. ಸೊಪ್ಪಿನ ಸತ್ವ ಇಳಿದು, ಬರೀ ಹಸಿರು ನೀರು ಉಳಿದಿತ್ತು.

“ಏನೋ ಮಾರಾಯ, ನಿನ್ನ ಹೊಟ್ಟೇಲೂ ಹೊಸ ನೀರು ಏರ್ತಾ ಇದೆಯಾ?” ಎಂದ ಅನ್ಸೆಲ್ಮೋ. “ಇನ್ನೊಂದು ಬುರುಡೆ ಕುಡಿದ್ರೆ ನೀನೇ ತೇಲ್ತೀಯ.”

“ಬಿಡೋ ಅವನನ್ನ,” ಎಂದಳು ನೆಲಿದಾ. ಆಮೇಲೆ ಮೆಲ್ಲಗೆ, “ಏನಾಯ್ತು ಬ್ರೌಲಿಯೋ?”

ಅವನು ಬಾಗಿಲಲ್ಲಿ ತೂಗುತ್ತಿದ್ದ ಅಂಗಿಯನ್ನು ನೋಡಿ, ಕಣ್ಣು ಕೆಳಗಿಳಿಸಿದ. “ಅಂಗಿಗೆ ಇಸ್ತ್ರಿ ಬೇರೆ ಹಾಕಿದೀಯ ಅಕ್ಕ. ಹೆಂಗೆ ಹೇಳೋದು ಅಂತಲೇ ಕೂತಿದೀನಿ.” ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದ. “ಸಾನ್ ಎಮಿಲ್ಯಾನೋ ಶಾಲೆ ಮಕ್ಕಳ ಊರು ಇದು.”

ಅದು ನದಿಯ ಮೇಲ್ದಂಡೆಯ ಒಂದು ಸಣ್ಣ ಶಾಲೆ. ಅಲ್ಲಿಯ ಮಕ್ಕಳು ಕಮಲೋತೆಯಲ್ಲಿ ಒಂದೇ ಊರನ್ನು ವರ್ಷವರ್ಷವೂ ಬೆಳೆಸುತ್ತ ಬಂದಿದ್ದರು. ಶಾಲೆ ಬಿಟ್ಟು ಹೋಗುವ ತರಗತಿ ಏನಾದರೂ ಒಂದನ್ನು ಕಟ್ಟಿ, ಊರನ್ನು ಮುಂದಿನವರ ಕೈಗೆ ಒಪ್ಪಿಸಬೇಕು. ಮಾರುಕಟ್ಟೆಯೊಂದು ತರಗತಿಯದು, ಗಡಿಯಾರದ ಗೋಪುರ ಇನ್ನೊಂದರದು. ಎಲ್ಲಕ್ಕಿಂತ ಹಳೆಯದು ಎರಡು ರಾಶಿಗಳನ್ನು ಜೋಡಿಸುವ ಉದ್ದನೆಯ ಸೇತುವೆ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದು ನೋಡಿ ಎಂದು ಅಲ್ಲಿಯ ಟೀಚರ್ ಬ್ರೌಲಿಯೋಗೆ ಆ ಊರಿನ ಒಂದು ಪ್ರತಿ ಕಳಿಸಿದ್ದಳು.

ಅವನು ತೆರೆದ. ನದಿ ಉಸಿರಾಡಿದ ಹಾಗೆ ಏರಿತು. ಎಷ್ಟು ಚೆಂದ ಎಂದು ನೆಲಿದಾ ಅಂದುಕೊಳ್ಳುವಷ್ಟರಲ್ಲಿ ಸೇತುವೆ ನಡುವಿನಲ್ಲಿ ಬಾಗಿ, ತುಂಡಾಗಿ, ಹರಿದುಹೋಯಿತು. ಆಚೆ ರಾಶಿಯ ಮನೆಗಳ ದೀಪಗಳು ಒಂದೊಂದಾಗಿ ಆರಿದವು.

“ಹಳೇ ಸೇತುವೆಗಳೆಲ್ಲ ನಿಂತ ನೀರಿನ ಲೆಕ್ಕದಲ್ಲಿ ಕಟ್ಟಿದ್ದು,” ಎಂದ ಬ್ರೌಲಿಯೋ. “ನನ್ನ ನೀರು ನಿಲ್ಲಲ್ಲ. ಕೊಚ್ಚಿಕೊಂಡು ಹೋಗುತ್ತೆ. ಹಾಗೇ ಸೇವ್ ಆದ್ರೆ ಮುಗೀತು, ವಾಪಸ್ ಬರಲ್ಲ.”

“ಸರಿ ಮಾಡೋಕೆ?” ಎಂದಳು ನೆಲಿದಾ.

“ತಿಂಗಳಾದ್ರೂ ಬೇಕು.”

ನೆಲಿದಾ ಗಡಿಯಾರ ನೋಡಿದಳು. ನಾಲ್ಕೂವರೆ. ಅವಳಿಗೆ ಅವನನ್ನು ಆ ವೇದಿಕೆಯ ಮೇಲೆ ಕಾಣುವ ಆಸೆ ಎಷ್ಟಿತ್ತೆಂದರೆ, ತನಗೆ ಸರಿಯಲ್ಲವೆಂದು ಗೊತ್ತಿದ್ದ ಮಾತೂ ಬಾಯಿಂದ ಬಂತು. “ಇವತ್ತು ಒಂದು ಅಂತಲೇ ಬಿಡೋಣ. ತಿಂಗಳಾದ್ಮೇಲೆ ಒಂದು ಪಾಯಿಂಟ್ ಒಂದರಲ್ಲಿ ಸರಿ ಮಾಡಿದ್ರಾಯ್ತು. ಎಲ್ರೂ ಹಾಗೇ ಮಾಡ್ತಾರೆ ಕಣೋ.”

“ಎಲ್ರೂ ಮಾಡ್ತಾರೆ. ಆದ್ರೆ ಆ ಟೀಚರ್ ಏನು ಬರೆದಿದಾರೆ ಗೊತ್ತಾ? ನಮ್ಮ ಶಾಲೇಲಿ ಸೊನ್ನೆ ಇರೋ ತನಕ ಹೊಸದು ಹಾಕೋದಿಲ್ಲ, ಮಕ್ಕಳೆಲ್ಲ ಒಂದಕ್ಕೇ ಕಾಯ್ತಾ ಕೂತಿದಾರೆ ಅಂತ. ಒಂದು ಕಂಡ್ರೆ ಸೋಮವಾರ ಬೆಳಿಗ್ಗೇನೇ ಹಾಕ್ತಾರೆ.” ಅವನು ತಲೆ ಕೆರೆದುಕೊಂಡ. “ನಮ್ಮ ಆಟದ ಮೊದಲ ಪುಟ ಓದಿ ಕಾಯ್ತಿದಾರೆ. ನೀನೇ ಬರೆದಿದ್ದು ಅಕ್ಕ.”

ಹೌದು, ಅವಳೇ ಬರೆದಿದ್ದಳು. ಯಾರೂ ಆಡದಿದ್ದ ಕಾಲದಲ್ಲಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಟೈಪ್ ಮಾಡಿದ್ದಳು: ಮೊದಲ ಅಂಕಿ ಸೊನ್ನೆ ಇರುವ ತನಕ ನೀವು ಕಟ್ಟಿದ್ದು ಮುರಿಯಬಹುದು, ಎಚ್ಚರ. ಅದು ಒಂದಾದ ದಿನದಿಂದ ನೀವು ಕಟ್ಟಿದ್ದು ಮುರಿಯುವುದಿಲ್ಲ. ಬರೆದು ಮರೆತಿದ್ದಳು. ಇವನು ಮರೆತಿರಲಿಲ್ಲ.

ಅವಳು ಅವನನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಅಂಗಡಿಯ ಅಂಟು, ಮುಂದೆ ತಣ್ಣಗಾದ ಬುರುಡೆ. ಸುಮ್ಮನೆ ಗ್ರಾಸಿಯಾಸ್ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೆಚ್ಚಿಕೊಳ್ಳಬೇಕಾದ ನೀರು ಅವನದೇ, ತಪ್ಪು ಹೊತ್ತದ್ದೂ ಅದೇ ನೀರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಕೂತಿದ್ದ. ತನ್ನ ಮಕ್ಕಳು ಇವನ ಹಾಗೆ ಬೆಳೆದರೆ ಸಾಕು ಎಂದುಕೊಂಡಳು.

ಎದ್ದು ಹಳೆಯ ಸೊಪ್ಪನ್ನು ತೊಟ್ಟಿಗೆ ಕೊಡವಿದಳು. ಹೊಸ ಸೊಪ್ಪು ತುಂಬಿ, ನೀರು ಹೊಯ್ದು, ಮೊದಲ ಕಹಿ ಗುಟುಕನ್ನು ತಾನೇ ಹೀರಿದಳು.

“ಅತ್ತಿಗೆ,” ಎಂದ ಅನ್ಸೆಲ್ಮೋ, “ಗ್ರಾಸಿಯಾಸ್ ಹೇಳಿದ ಮೇಲೆ ಮತ್ತೆ ಕುಡಿಯೋದಾ? ಅಮ್ಮ ನೋಡಿದ್ರೆ ನಿನ್ನನ್ನ ಮನೆಯಿಂದ ಆಚೆ ಹಾಕ್ತಿದ್ಲು.”

“ನಾನು ಹೇಳಿದ್ದು ವಾಪಸ್. ನಿಂದೂ ವಾಪಸ್. ತಗೋ, ಕುಡಿ. ಈಗ ಯಾವ ಅಂಕಿ?”

“ಸೊನ್ನೆ ಪಾಯಿಂಟ್ ಒಂಬತ್ತು ಆಗಿದೆ,” ಎಂದ ಬ್ರೌಲಿಯೋ. “ಮುಂದಿಂದು ಸೊನ್ನೆ ಪಾಯಿಂಟ್ ಹತ್ತು.”

“ಜನ ಏನಂತಾರೆ?” ಎಂದ ಅನ್ಸೆಲ್ಮೋ. “ಲೆಕ್ಕದಲ್ಲಿ ಅದು ಸೊನ್ನೆ ಪಾಯಿಂಟ್ ಒಂದೇ ಅಲ್ವಾ, ಒಂಬತ್ತರಿಂದ ಒಂದಕ್ಕೆ ಇಳಿದ್ರು ಅಂತಾರೆ.”

“ಅನ್ನಲಿ ಬಿಡು. ಕೇಳಿದೋರಿಗೆ ಹೇಳೋಣ, ಇದು ಒಂಬತ್ತಾದ ಮೇಲಿನ ಹತ್ತು ಅಂತ,” ಎಂದಳು ನೆಲಿದಾ.

ಬುರುಡೆ ಒಂದೇ ಸುತ್ತು ಹೋಯಿತು. ಅನ್ಸೆಲ್ಮೋ ಗ್ರಾಸಿಯಾಸ್ ಎಂದ. ನೆಲಿದಾಳೂ ಗ್ರಾಸಿಯಾಸ್ ಎಂದಳು. ಬ್ರೌಲಿಯೋ ಕೊನೆಯ ಗುಟುಕಿನ ತನಕ ಕೊಳವೆಯಲ್ಲಿ ಸದ್ದು ಬರುವಂತೆ ಹೀರಿ, “ಗ್ರಾಸಿಯಾಸ್ ಅಕ್ಕ,” ಎಂದು ಬುರುಡೆಯನ್ನು ಎರಡೂ ಕೈಯಲ್ಲಿ ಕೊಟ್ಟ.

ಮೇಳದವರಿಗೆ ಅವನೇ ಎರಡು ಸಾಲು ಬರೆದ: ಆಟ ಇನ್ನೂ ಒಂದಾಗಿಲ್ಲ, ಈ ವರ್ಷ ಬರಲಾಗದು. ಆಮೇಲೆ ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಹೊಸ ನೀರಿಗಿಂತ ಮೊದಲು, ಎಲ್ಲಕ್ಕಿಂತ ಮೇಲೆ ಬರೆದ: ಹಳೆಯ ಊರುಗಳನ್ನು ಇದರಲ್ಲಿ ತೆರೆಯಬೇಡಿ, ಸೇತುವೆಗಳು ಹೋಗುತ್ತವೆ. ತಪ್ಪು ನನ್ನದು, ಸರಿ ಮಾಡುತ್ತಿದ್ದೇನೆ. ಕೆಳಗೆ ತನ್ನ ಹೆಸರು ಹಾಕಿದ. ನೆಲಿದಾ ಒಂದಕ್ಷರವನ್ನೂ ತಿದ್ದಲಿಲ್ಲ. ಅಂಕಿ ಕೂರಿಸಿ, ಆಟವನ್ನು ಹೊರಗೆ ಬಿಟ್ಟಳು.

ಆಮೇಲೆ ಫ್ರಿಜ್ಜಿನಿಂದ ಕೇಕು ತೆಗೆದಳು. ಇಬ್ಬರೂ ಅದರ ಮೇಲಿನ ಅಂಕಿ ನೋಡಿದರು. ಅವಳು ಚಾಕುವಿನ ತುದಿಯಿಂದ ನಡುವಿನ ಚುಕ್ಕೆಯನ್ನು ಕೆರೆದು ಬಾಯಿಗೆ ಹಾಕಿಕೊಂಡಳು. ಚೀಲದಲ್ಲಿ ಉಳಿದಿದ್ದ ಪಾಕ ಹಿಂಡಿ ಒಂದರ ಎಡಕ್ಕೆ ಹೊಸ ಚುಕ್ಕೆ ಇಟ್ಟಳು, ಅದರ ಪಕ್ಕ ಅಂಚಿಗೆ ಒತ್ತಿದ ಹಾಗೆ ಸಪೂರವಾದ ಸೊನ್ನೆ ಎಳೆದಳು. 0.10.

“ಆ ಸೊನ್ನೆ ಏನು ಉಪವಾಸ ಬಿದ್ದಿದೆಯಾ ಅತ್ತಿಗೆ?” ಎಂದ ಅನ್ಸೆಲ್ಮೋ.

“ಜಾಗ ಅಷ್ಟೇ ಇದ್ದಿದ್ದು. ತಿನ್ನು.”

ಬ್ರೌಲಿಯೋ ಆ ಸಪೂರ ಸೊನ್ನೆ ಇದ್ದ ತುಂಡನ್ನೇ ಕೇಳಿ ಹಾಕಿಸಿಕೊಂಡ. ತಿನ್ನುತ್ತಲೇ ಎಡಗೈಯಲ್ಲಿ ಮಕ್ಕಳ ಊರನ್ನು ಮತ್ತೆ ತೆರೆದು, ಸೇತುವೆಯ ಮೊದಲ ಕಂಬದ ಲೆಕ್ಕ ನೋಡತೊಡಗಿದ. ನೆಲಿದಾ ಅಂಗಿಯನ್ನು ಮೊಳೆಯಿಂದ ತೆಗೆದಳು. ಅವನ ಕೈಗೆ ಕೊಡದೆ, ಮುಂದಿನ ವರ್ಷದ ಮೇಳಕ್ಕಿರಲಿ ಎಂದು ತನ್ನ ಬೀರುವಿನಲ್ಲಿ ಗಂಡನ ಒಳ್ಳೆಯ ಕೋಟಿನ ಪಕ್ಕ ತೂಗುಹಾಕಿ ಬಾಗಿಲು ಮುಚ್ಚಿದಳು.