ಪಾಡ್ಯದ ದಿನದ ಭಿನ್ನರಾಶಿ

ರಮಾಬಾಯಿಯ ವೇಳಾಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದರೆ ಪಂಚಾಂಗದಲ್ಲಿತ್ತು, ಇಲ್ಲವೇ ಅದನ್ನು ದಿನಾ ಬೆಳಿಗ್ಗೆ ಕಣ್ಣಿಗೊತ್ತಿಕೊಂಡು ತೆರೆಯುವ ಮಾವನವರಲ್ಲಿತ್ತು. ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯ ಮದ್ರಾಸಿನ ತಿರುವಲ್ಲಿಕ್ಕೇಣಿಯ ಆ ಮನೆಯಲ್ಲಿ ಯಾವ ಸೊಸೆಗೆ ಬಂದೀತು?

ಗಂಡ ಭೋಜರಾಜ ರೈಲ್ವೆ ಗಾರ್ಡು. ವರ್ಷಕ್ಕೊಂದು ಊರಿಗೆ ವರ್ಗ. ಒಂದೂರಲ್ಲಿ ತೆಲುಗು ಶಾಲೆ, ಇನ್ನೊಂದೂರಲ್ಲಿ ತಮಿಳು ಶಾಲೆ. ಹಿರಿಮಗಳು ಯಾವುದರಲ್ಲೂ ನೆಲೆ ನಿಲ್ಲದೆ ಕಂಗಾಲಾದಾಗ, ಹೆಂಡತಿ ಮಕ್ಕಳನ್ನು ಮದ್ರಾಸಿನಲ್ಲಿ ಅಪ್ಪನ ಬಳಿ ಬಿಟ್ಟು, ಪಾಠವನ್ನೂ ಅವರಿಗೇ ಒಪ್ಪಿಸಿ ಕೈತೊಳೆದುಕೊಂಡ. ಅದಾಗಿ ಎರಡು ವರ್ಷವಾಯಿತು. ಈಗ ಹನ್ನೊಂದರ ಸುಗುಣಾಳಿಗೂ ಆರರ ಲಕ್ಷ್ಮಿಗೂ ತಾತ ವಿಷ್ಣುತೀರ್ಥಾಚಾರ್ಯರೇ ಶಾಲೆ.

ಆಚಾರ್ಯರು ಪಾಠದಲ್ಲಿ ಗಟ್ಟಿಗರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ ಬಂತೆಂದರೆ ಅನಧ್ಯಯನ. ಆ ತಿಥಿಗಳಲ್ಲಿ ವೇದ ಓದಬಾರದೆಂಬ ಹಳೆಯ ಕಟ್ಟಳೆಯನ್ನು ಅವರು ಲೆಕ್ಕಕ್ಕೂ ಇಂಗ್ಲಿಷಿಗೂ ಭೂಗೋಳಕ್ಕೂ ಹಚ್ಚಿದ್ದರು. ರಮಾಬಾಯಿ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು: ಹಾಲಿನವನು ಬರುವ ಮೊದಲು ಲೆಕ್ಕ, ಊಟವಾದ ಮೇಲೆ ಇಂಗ್ಲಿಷು, ದೀಪ ಹಚ್ಚುವ ತನಕ ಕನ್ನಡ. ಆಚಾರ್ಯರು ತಿಥಿ ನೋಡಿ, ಬೇಡದ ದಿನವನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದರು. ಒರೆಸಿಹೋದ ದಿನ ಯಾವ ಪಾಠವಿತ್ತೋ ಅದು ಹಾಗೇ ಉಳಿಯುತ್ತಿತ್ತು. ಹೀಗೆ ಉಳಿಯುತ್ತಾ ಉಳಿಯುತ್ತಾ ಭಿನ್ನರಾಶಿ ಪೂರ್ತಿ ಉಳಿದುಹೋಯಿತು.

ನಯಾಪೈಸೆ ಹೊಸದಾಗಿ ಬಂದಿದ್ದ ವರ್ಷ ಅದು. ಜೂನ್ ಕೊನೆಯಲ್ಲಿ, ಪಕ್ಕದ ಬೀದಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಫಸ್ಟ್ ಫಾರಂಗೆ, ಅಂದರೆ ಆರನೇ ಕ್ಲಾಸಿಗೆ, ಒಂದೇ ಒಂದು ಜಾಗ ಖಾಲಿಯಾಯಿತು. ಶುಕ್ರವಾರ ಪರೀಕ್ಷೆ ಬರೆದು ಪಾಸಾದರೆ ಸುಗುಣಾಳಿಗೆ ಆ ಜಾಗ. ತಪ್ಪಿದರೆ ಮುಂದಿನ ವರ್ಷ ವಯಸ್ಸು ಮೀರುತ್ತದೆ, ಆಮೇಲೆ ಮನೆಯೇ ಗತಿ. ರಮಾಬಾಯಿ ಐದನೇ ಕ್ಲಾಸಿಗೇ ಮನೆಯಲ್ಲಿ ಕೂತವಳು. ಅದರ ಸಂಕಟ ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಬುಧವಾರ ಚತುರ್ದಶಿ, ಗುರುವಾರ ಅಮಾವಾಸ್ಯೆ, ಪರೀಕ್ಷೆಯ ದಿನವೇ ಪಾಡ್ಯ. ಆಚಾರ್ಯರು ಮೂರನ್ನೂ ಒರೆಸಿದರು. ಅವರು ದೇವರ ಮುಂದೆ ಕೂತಿದ್ದ ಹೊತ್ತಿನಲ್ಲಿ ರಮಾಬಾಯಿ ಮಗಳನ್ನು ಒಲೆಯ ಪಕ್ಕ ಕೂರಿಸಿಕೊಂಡು, ದೋಸೆಯನ್ನು ಅರ್ಧ, ಕಾಲು, ಅರೆಕಾಲು ಮಾಡಿ ಭಿನ್ನರಾಶಿ ಕಲಿಸಿದಳು. ಕದ್ದು ಕಲಿಸುವಾಗ ಅವಳ ಕಿವಿಯೆಲ್ಲ ಪೂಜೆಯ ಗಂಟೆಯ ಕಡೆಗೇ. ಮಗಳು ಕಲಿತಳು, ಆದರೆ ಬೆದರಿಕೊಂಡೇ ಕಲಿತಳು.

ಗುರುವಾರ ಸಂಜೆ ವಿಷಯ ಹೊರಬಿತ್ತು. ಹೇಳಿದ್ದು ಲಕ್ಷ್ಮಿ, ಅಕ್ಕನಿಗೆ ಎರಡು ದೋಸೆ ಜಾಸ್ತಿ ಸಿಕ್ಕಿತ್ತಲ್ಲ, ಆ ಹೊಟ್ಟೆಕಿಚ್ಚಿಗೆ.

"ಅಮಾವಾಸ್ಯೆ ದಿನ ಕಲಿಸಿದ್ಯಾ ರಮಾ?" ಆಚಾರ್ಯರು ದನಿ ಏರಿಸಲಿಲ್ಲ. "ಇವತ್ತು ಕಲ್ತು, ನಾಳೆ ಪಾಡ್ಯದ ದಿನ ಬರೆದ್ರೆ, ಇರೋ ವಿದ್ಯೇನೂ ಕರಗಿಹೋಗತ್ತೆ. ಅವಳು ಪರೀಕ್ಷೆಗೆ ಹೋಗೋದು ಬೇಡ."

"ಹೋಗ್ತಾಳೆ ಮಾವ," ಅಂದಳು ರಮಾಬಾಯಿ. ಮದುವೆಯಾಗಿ ಬಂದಮೇಲೆ ಅವಳು ಅವರಿಗೆ ಎದುರಾಡಿದ್ದು ಅದೇ ಮೊದಲು. ಆಚಾರ್ಯರು ಎದ್ದು ಒಳಗೆ ಹೋದರು. ಗೆದ್ದೆ ಅಂದುಕೊಂಡಳು ಪಾಪ. ಕಂಬದ ಹಿಂದೆ ನಿಂತು ತಾತನ ಮಾತು ಕೇಳಿಸಿಕೊಂಡಿದ್ದ ಮಗಳ ಮುಖವನ್ನು ಅವಳು ನೋಡಲೇ ಇಲ್ಲ.

ಮರುದಿನ ಶಾಲೆಯ ಜಗಲಿಯಲ್ಲಿ ಕಾಯುತ್ತಿದ್ದ ರಮಾಬಾಯಿಯ ಬಳಿಗೆ ಹೆಡ್‌ಮಿಸ್ಟ್ರೆಸ್ ಶಾರದಮ್ಮ ಬಂದರು. ಮೈಸೂರಿನ ಕಡೆಯವರು, ಅಚ್ಚ ಕನ್ನಡ.

"ನಿಮ್ಮ ಮಗಳು ಪೆನ್ಸಿಲ್ಲೇ ಮುಟ್ಟಿಲ್ಲಮ್ಮ. ಬರೆದ್ರೆ ಕಲ್ತಿದ್ದೆಲ್ಲ ಹೋಗ್ಬಿಡತ್ತಂತೆ. ಒಂದು ಗಂಟೆ ಕಳೀತು, ಉಳಿದಿರೋದು ಇನ್ನೊಂದೇ. ಒಳಗೆ ಬಂದು ಒಂದು ಮಾತು ಹೇಳಿ."

ಸುಗುಣಾ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು. ರಮಾಬಾಯಿ ರಮಿಸಿದಳು, ಗದರಿದಳು, ಕೈಮುಗಿಯುವುದೊಂದು ಬಾಕಿ. ಮಗು ಬೀದಿಯಲ್ಲಿ ಕಲಿತ ತಮಿಳಿನಲ್ಲಿ ಒಂದೇ ಮಾತು ಹೇಳಿತು.

"ನೀ ಶೊನ್ನಾ ಪೋದಾದು ಅಮ್ಮಾ. ತಾತಾ ಶೊಲ್ಲಣುಂ."

ನೀನು ಹೇಳಿದರೆ ಸಾಲದು, ತಾತ ಹೇಳಬೇಕು. ರಮಾಬಾಯಿ ಓಡಿದಳು. ಸೆರಗು ಜಾರಿದ್ದೂ ತಿಳಿಯಲಿಲ್ಲ, ಹೂವಿನಂಗಡಿಯವಳು ಏನಾಯಿತೆಂದು ಕೂಗಿದ್ದೂ ಕೇಳಲಿಲ್ಲ.

ಆಚಾರ್ಯರು ಮಡಿಯಲ್ಲಿದ್ದರು, ಪೂಜೆಯ ನಡುವೆ, ಮೌನದಲ್ಲಿ. ಆ ಹೊತ್ತಿನಲ್ಲಿ ದೇವರ ಕೋಣೆಯ ಹೊಸ್ತಿಲ ಹತ್ತಿರ ಸುಳಿಯುವ ಪದ್ಧತಿಯೇ ಇರಲಿಲ್ಲ. ಅವಳು ಹೊಸ್ತಿಲ ಮೇಲೆಯೇ ನಿಂತಳು.

"ಮಾವ, ಮಗು ಬರೀತಿಲ್ಲ. ನೀವು ಹೇಳಿದ್ದನ್ನ ನಂಬಿ ಸುಮ್ನೆ ಕೂತಿದೆ. ಬಂದು ನೀವೇ ಬರಿ ಅನ್ನಿ."

ಆಚಾರ್ಯರು ಕಣ್ಣು ತೆರೆದರು. ಆಚೆ ಹೋಗೆಂದು ಕೈಸನ್ನೆ ಮಾಡಿದರು.

"ನನ್ನನ್ನ ಮನೆಯಿಂದ ಹೊರಗೆ ಹಾಕಿ, ಹೋಗ್ತೀನಿ. ಈಗ ಮಾತ್ರ ಏಳಿ. ಏಳದಿದ್ರೆ ಮುಟ್ಟಿ ಎಬ್ಬಿಸ್ತೀನಿ." ಹೇಳಿ ಅವಳು ನಿಜವಾಗಿ ಕಾಲನ್ನು ಒಳಗಿಟ್ಟಳು.

"ಮುಟ್ಟಬೇಡ," ಅಂದರು ಆಚಾರ್ಯರು. ಮೌನ ಮುರಿದಿತ್ತು. "ಬರ್ತೀನಿ ನಡಿ."

ಮಡಿಪಂಚೆಯಲ್ಲಿ, ಬರಿಗಾಲಲ್ಲಿ ಅವರು ಬೀದಿಗಿಳಿದರು. ಸೈಕಲ್ಲಿನವರು ತಗುಲಿದರು, ಮೀನಿನ ಬುಟ್ಟಿಯವಳು ಉಜ್ಜಿಕೊಂಡೇ ಹೋದಳು. ಅವರು ನಿಲ್ಲಲಿಲ್ಲ. ಸೊಸೆ ಹಿಂದೆ ಬರುತ್ತಿದ್ದಾಳೋ ಇಲ್ಲವೋ ಅಂತ ತಿರುಗಿಯೂ ನೋಡಲಿಲ್ಲ.

ಶಾರದಮ್ಮ ಬಾಗಿಲು ಬಿಟ್ಟುಕೊಟ್ಟರು. ಆಚಾರ್ಯರು ಮೊಮ್ಮಗಳ ಬೆಂಚಿನ ಮುಂದೆ ನಿಂತರು.

"ಬರಿ ಮಗು. ಏನೂ ಕರಗಲ್ಲ. ಆ ಕಟ್ಟಳೆ ವೇದಕ್ಕೆ ಮಾತ್ರ. ಲೆಕ್ಕಕ್ಕೂ ಸೇರಿಸಿದ್ದು ನಾನು." ದನಿ ತಗ್ಗಿಸಿದರು. "ಭಿನ್ನರಾಶಿ ನನಗೆ ಚೆನ್ನಾಗಿ ಬರೋಲ್ಲ."

ಎರಡು ವರ್ಷ ರಮಾಬಾಯಿ ತಿಥಿಯೊಂದಿಗೆ ಗುದ್ದಾಡಿದ್ದಳು, ಅಡ್ಡ ನಿಂತಿದ್ದು ತಿಥಿಯೇ ಅಲ್ಲ.

ಸುಗುಣಾ ಕೈಯನ್ನು ಹೊರಗೆ ತೆಗೆದಳು, ಪೆನ್ಸಿಲ್ಲನ್ನು ಹಿಡಿದಳು, ಆದರೆ ಬರೆಯಲಿಲ್ಲ. ತಾತನನ್ನೇ ದಿಟ್ಟಿಸಿದಳು.

"ಅಪ್ಪೋ ನೀಂಗ ಶೊನ್ನದೆಲ್ಲಾಂ ಪೊಯ್ಯಾ ತಾತಾ?"

ಹಾಗಾದರೆ ನೀವು ಹೇಳಿದ್ದೆಲ್ಲ ಸುಳ್ಳೇ ಅಂತ. ಕೇಳಿದ್ದರಲ್ಲಿ ಕೋಪವಿರಲಿಲ್ಲ, ಆ ಮಗುವಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಆಚಾರ್ಯರು ತಿರುಗಿ ಜಗಲಿಯ ಕಡೆಗೆ ನಡೆದರು. ಅವರು ಬಾಗಿಲು ದಾಟುವ ತನಕ ಸುಗುಣಾ ನೋಡಿದಳು. ಆಮೇಲೆ ತಲೆ ತಗ್ಗಿಸಿ ಮೊದಲನೇ ಲೆಕ್ಕ ಶುರುಮಾಡಿದಳು.

ಮಗಳು ಬರೆಯುತ್ತಿದ್ದಳು, ರಮಾಬಾಯಿಗೆ ಬೇಕಾಗಿದ್ದು ಅಷ್ಟೇ. ಆದರೂ ಜಗಲಿಗೆ ಬಂದಮೇಲೆ, ಗಂಟೆ ಹೊಡೆಯುವ ತನಕ, ಪಕ್ಕದಲ್ಲಿ ಕೂತಿದ್ದ ಮಾವನವರ ಮುಖ ನೋಡುವುದು ಅವಳಿಂದಾಗಲಿಲ್ಲ.