ಎರಡು ಕಡೆಯೂ ಮುಖವಿದ್ದ ಕೌದಿ

ಕಾಟಮ್ಮ ತೀರಿಕೊಂಡ ಎಂಟನೆಯ ತಿಂಗಳಿಗೆ ಅವಳ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿಯುವುದೆಂದು ಮನೆಯಲ್ಲಿ ಮಾತಾಯಿತು. ಹಿರೇಗುಂಟನೂರಿನ ಹತ್ತಿರದ ಆ ಹಟ್ಟಿಯಲ್ಲಿ ಹೋದವರ ಬಟ್ಟೆಯನ್ನು ಸುಡುವುದಿಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಅವು ಮನೆಯವರ ಮೈಮೇಲೆಯೇ ಹಳತಾಗಿ, ಹರಿದು, ಮಣ್ಣು ಸೇರಬೇಕು. ಮೊದಲಾದರೆ ಮೂರು ನಾಲ್ಕು ಹೆಂಗಸರು ಅಂಗಳದಲ್ಲಿ ಕಾಲು ಚಾಚಿ ಕುಳಿತು, ಕೈಸೂಜಿಯಲ್ಲೇ ವಾರದೊಳಗೆ ಮುಗಿಸುತ್ತಿದ್ದರು. ಆದರೆ ಕಾಟಮ್ಮನ ಸೊಸೆ ನೇತ್ರಾವತಿ ಟೈಲರಿಂಗ್ ಕಲಿತವಳು. ಚಿತ್ರದುರ್ಗದಲ್ಲಿ ಆರು ತಿಂಗಳ ತರಬೇತಿ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದವಳು. ಅತ್ತೆಯ ಕೌದಿಯನ್ನು ತಾನೇ ಮಿಷನ್ನಿನಲ್ಲಿ ಹೊಲಿಯುತ್ತೇನೆ ಎಂದಳು. ಅವಳ ಗಂಡ ನಾಗರಾಜ, ಪಂಚಾಯ್ತಿಯ ನೀರುಗಂಟಿ, ಬೇಡವೆನ್ನಲಿಲ್ಲ. ಅವ್ವ ಹೋದ ಮೇಲೆ ಅವನು ಯಾವುದಕ್ಕೂ ಬೇಕು ಎಂದೂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

ಬಟ್ಟೆ ದಪ್ಪವಿತ್ತು. ಮೇಲೂ ಕೆಳಗೂ ನೂಲಿನ ಸೀರೆ. ನಡುವೆ ಕಾಟಮ್ಮ ಕುರಿ ಕಾಯುವಾಗ ಹೆಗಲಿಗೆ ಹಾಕುತ್ತಿದ್ದ ಕಂಬಳಿ. ನೇತ್ರಾವತಿ ಮೊದಲು ಹದಿನಾಲ್ಕನೇ ನಂಬರಿನ ಸೂಜಿ ಹಾಕಿದಳು. ಕಂಬಳಿಗೆ ತಾಗಿದ್ದೇ ಟಕ್ಕೆಂದು ಮುರಿಯಿತು. ಹದಿನಾರು ಮುರಿಯಲಿಲ್ಲ, ಆದರೆ ನಡುನಡುವೆ ಹೊಲಿಗೆ ಹಾರಿಸಿತು. ನೂಲಿನ ದಾರ ಸೂಜಿಯ ಕಣ್ಣಿನಲ್ಲೇ ನವೆದು ಹರಿಯಿತು. ಮರುದಿನ ಬಸ್ಸು ಹತ್ತಿ ದುರ್ಗಕ್ಕೆ ಹೋಗಿ, ಮೂರ್ತಪ್ಪನ ದಾರದಂಗಡಿಯಲ್ಲಿ ಹದಿನೆಂಟನೇ ನಂಬರಿನ ಸೂಜಿಯನ್ನೂ ಮೂರೆಳೆಯ ಪಾಲಿಯೆಸ್ಟರ್ ದಾರವನ್ನೂ ಕೇಳಿದಳು.

"ಏನ್ ನೇತ್ರಕ್ಕ, ಕೌದಿ ಹೊಲಿತೀಯೋ, ಲಾರಿ ಟಾರ್ಪಾಲೋ?" ಎಂದು ಮೂರ್ತಪ್ಪ ನಕ್ಕ. "ಈ ದಾರ ಹರಿಯಂಗಿಲ್ಲ ನೋಡು. ಬಟ್ಟೆ ಮಣ್ಣಾದ್ರೂ ದಾರ ಇರ್ತೈತೆ."

ಅವಳಿಗೆ ಬೇಕಾಗಿದ್ದದ್ದೂ ಅಂಥದೇ.

ಇನ್ನು ದಾರದ ಬಿಗಿ. ಮಿಷನ್ನಿನಲ್ಲಿ ಎರಡು ದಾರ ಇರುತ್ತವೆ. ಒಂದು ಸೂಜಿಯ ಜೊತೆ ಮೇಲಿನಿಂದ ಇಳಿಯುತ್ತದೆ, ಇನ್ನೊಂದು ಕೆಳಗಿನ ಪುಟ್ಟ ಉರುಳೆ ಬಾಬಿನ್ನಿನಿಂದ ಮೇಲೆ ಬರುತ್ತದೆ. ಮೇಲಿನದು ಸಡಿಲವಾದರೆ ಕೆಳಗೆ ಕುಣಿಕೆಗಳು ಜೋತು ಬೀಳುತ್ತವೆ. ಕೆಳಗಿನದು ಸಡಿಲವಾದರೆ ಅದರ ಚುಕ್ಕೆಗಳು ಮೇಲೆ ಇಣುಕುತ್ತವೆ. ಎರಡೂ ಒಂದನ್ನೊಂದು ಸಮನಾಗಿ ಎಳೆದು, ಗಂಟು ಯಾರ ಕಣ್ಣಿಗೂ ಬೀಳದ ಹಾಗೆ ಬಟ್ಟೆಯ ಹೊಟ್ಟೆಯೊಳಗೆ ಕೂರಬೇಕು. ನೇತ್ರಾವತಿ ಚಿಂದಿಯ ಮೇಲೆ ಹನ್ನೊಂದು ಸಲ ಹೊಲಿದು ನೋಡಿದಳು. ಬಿಗಿಯ ತಿರುಪನ್ನು ನಾಲ್ಕಕ್ಕೆ ತಂದಳು, ಮೂರೂವರೆಗೆ ಇಳಿಸಿದಳು, ಮತ್ತೆ ಕೂದಲೆಳೆಯಷ್ಟು ಏರಿಸಿದಳು. ಹನ್ನೊಂದನೆಯ ಸಲ ಬೆರಳಾಡಿಸಿದರೆ ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಎಂದು ಗೊತ್ತಾಗಲಿಲ್ಲ. ಅದೇ ಬಿಗಿಯಲ್ಲಿ ನಾಲ್ಕು ದಿನ ಕೂತು, ಅಂಗೈಯಗಲದ ಚೌಕ ಚೌಕವಾಗಿ ಹೊಲಿದಳು. ಪ್ರತಿ ಸಾಲಿನ ಕೊನೆಯಲ್ಲೂ ಹಿಂದು ಮುಂದು ಓಡಿಸಿ ಭದ್ರ ಮಾಡಿದಳು. ಒಂದು ಎಳೆ ದಾರವೂ ಹೊರಗೆ ಉಳಿಯದ ಹಾಗೆ ಕತ್ತರಿಸಿದಳು.

ನಾಗರಾಜನ ಕೆಲಸ ನಸುಕಿಗೇ ಶುರು. ವಾಲ್ವು ತಿರುಗಿಸಿ ಬೀದಿ ಬೀದಿಗೆ ನೀರು ಬಿಟ್ಟು, ಬಿಸಿಲೇರುವ ಹೊತ್ತಿಗೆ ಮನೆಗೆ ಬಂದು ಉಂಡು ಮಲಗುತ್ತಿದ್ದ. ನಾಲ್ಕು ಗಂಟೆಗೆ ಎದ್ದು ಮತ್ತೆ ನೀರು ಬಿಡಬೇಕು. ಹೊಸ ಕೌದಿ ಹೊದ್ದ ಮೊದಲ ಮಧ್ಯಾಹ್ನ ಅವನು ನಾಲ್ಕಕ್ಕೆ ಏಳಲಿಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ಬಂದು, ನೀರುಗಂಟಿ ಬಾಣಂತಿ ಮಲಗಿದಂಗೆ ಮಲಗವ್ನೆ ಎಂದು ಹೊರಗಿನಿಂದಲೇ ಆಡಿಕೊಂಡರು. ನೇತ್ರಾವತಿ ಭುಜ ಹಿಡಿದು ಅಲುಗಿಸಿದಾಗ ಬಹಳ ದೂರದಿಂದ ಬಂದವನ ಹಾಗೆ ಕಣ್ಣು ಬಿಟ್ಟ. ಕಾಲು ತೊಳೆದುಕೊಂಡು ಮಲಗಿದ್ದವನ ಪಾದಗಳು ಹರಡಿನ ತನಕ ಬಿಳಿಯ ಧೂಳಾಗಿದ್ದವು.

ಎರಡನೆಯ ಮಧ್ಯಾಹ್ನ ಏಳುವ ಹೊತ್ತಿಗೆ ಐದಾಗಿತ್ತು. ಪಂಚೆಯ ಅಂಚಿಗೆ ಒಣ ಹುಲ್ಲಿನ ಮುಳ್ಳು ಮೆತ್ತಿಕೊಂಡಿತ್ತು. ಮುಚ್ಚಿದ ಮುಷ್ಟಿಯನ್ನು ಅವಳು ಬಿಡಿಸಿದರೆ ಒಳಗೆ ಒಂದು ಹಿಡಿ ಕರಿಯ ಉಣ್ಣೆ. ಆ ಮನೆಯ ಕುರಿಗಳನ್ನೆಲ್ಲ ಮಾರಿ ಆರು ವರ್ಷವಾಗಿತ್ತು.

ಎಲ್ಲಿಗೆ ಹೋಗಿದ್ದಿರಿ ಎಂದು ಅವಳು ಕೇಳಿದಳು. ಅವನು ಮುಚ್ಚಿಡಲಿಲ್ಲ. ಅವ್ವನ ಜೊತೆ ಕುರಿ ಮೇಯಿಸುವ ಕಾವಲಿಗೆ ಹೋಗಿದ್ದೆ ಎಂದ. ಕುರಿ ಬಹಳ ಇವೆಯಂತೆ, ಅವ್ವ ಮುಂದೆ ನಡೆಯುತ್ತಾಳಂತೆ, ಇವನು ಹಿಂದಿನಿಂದ ಹೊಡೆದುಕೊಂಡು ಹೋಗುತ್ತಾನಂತೆ. ಬಿಸಿಲಿದ್ದರೂ ಸುಡುವುದಿಲ್ಲವಂತೆ. ಅವನ ಮುಖದಲ್ಲಿ ಎಂಟು ತಿಂಗಳಲ್ಲಿ ಅವಳು ಕಾಣದಿದ್ದ ಒಂದು ನೆಮ್ಮದಿ ಇತ್ತು. ಅದನ್ನು ಕಂಡೇ ಅವಳಿಗೆ ಭಯವಾದದ್ದು.

"ಇವತ್ತು ಹುಣಸೆ ಮರದ ತನಕ ಹೋದ್ವಿ," ಎಂದ. "ನಾಳಿದ್ದು ಹಳ್ಳ ದಾಟಾಣ ಅಂದ್ಲು ಅವ್ವ."

ಹಳ್ಳದ ಆಚೆ ದಡದಲ್ಲೇ ಕಾಟಮ್ಮನನ್ನು ಮಣ್ಣು ಮಾಡಿದ್ದು. ಹಟ್ಟಿಯವರು ಸತ್ತವರನ್ನು ಹೊತ್ತಲ್ಲದೆ ಆ ಕಡೆ ಕಾಲಿಡುವುದಿಲ್ಲ.

ಮೂರನೆಯ ದಿನ ನೇತ್ರಾವತಿ ಕೌದಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ನಾಗರಾಜ ಕೇಳಲೂ ಇಲ್ಲ. ಬರೀ ಚಾಪೆಯ ಮೇಲೆ, ತಲೆಗೆ ಕೈಯಿಟ್ಟು ಮಲಗಿದ. ಅವಳು ಅವನ ಪಕ್ಕದಲ್ಲೇ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಅವನ ಕೆನ್ನೆಯ ಮೇಲೆ ಸಣ್ಣ ಗುಳಿಗಳು ಒಂದೊಂದಾಗಿ ಮೂಡತೊಡಗಿದವು. ಗುಳಿ ಸೇರಿ ಗೆರೆಯಾಯಿತು, ಗೆರೆ ಸೇರಿ ಚೌಕವಾಯಿತು. ಅವಳದೇ ಹೊಲಿಗೆ. ಇಂಚಿಗೆ ಎಷ್ಟು ಹೊಲಿಗೆ ಹಾಕಿದ್ದಳೋ ಅಷ್ಟೇ ಗುಳಿ. ಆ ದಿನ ಅವನನ್ನು ಎಬ್ಬಿಸಲು ಮುಖಕ್ಕೆ ಒಂದು ಚೊಂಬು ನೀರು ಹಾಕಬೇಕಾಯಿತು. ಎದ್ದವನು, ಹಳ್ಳದ ದಡಕ್ಕೆ ಬಂದೆವು, ಕುರಿಗಳೆಲ್ಲ ನೀರು ಕುಡಿದವು ಎಂದ. ನಾಳೆ ದಾಟುವುದು ಎಂದ, ಸಂತೆಗೆ ಹೋಗುವ ಮಾತಿನಷ್ಟು ಹಗುರವಾಗಿ.

ಅವನು ನೀರು ಬಿಡಲು ಹೋದ ಮೇಲೆ ನೇತ್ರಾವತಿ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಬಸಮ್ಮನ ಮನೆಗೆ ಓಡಿ, ನಡೆದದ್ದನ್ನೆಲ್ಲ ಹೇಳಿದಳು. ಬಸಮ್ಮ ಕಾಟಮ್ಮನ ತಂಗಿ. ಕಣ್ಣು ಮಬ್ಬಾಗಿತ್ತು, ಬೆರಳು ಡೊಂಕಾಗಿದ್ದವು, ನಾಲಗೆ ಮಾತ್ರ ನೆಟ್ಟಗಿತ್ತು. ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಸವರಿದಳು. ತಿರುಗಿಸಿ ಸವರಿದಳು. ಮತ್ತೊಮ್ಮೆ ತಿರುಗಿಸಿದಳು.

"ಇದ್ರ ಮುಖ ಯಾವ ಕಡೇನೇ?"

"ಎರಡೂ ಕಡೆ ಒಂದೇ ಚಿಕ್ಕತ್ತೆ. ಅದೇ ಸರಿಯಾದ ಹೊಲಿಗೆ."

"ಎರಡೂ ಕಡೆ ಮುಖ ಇದ್ರೆ ಹೋಗೋಳು ಯಾವ ಕಡೆಯಿಂದ ಹೋಗ್ಬೇಕೇ?"

ಆಮೇಲೆ ಬಸಮ್ಮ ಮೂಲೆ ಮೂಲೆಯನ್ನೂ ಹುಡುಕಿದಳು. ಹೋದವರ ಕೌದಿಯಲ್ಲಿ ಕೊನೆಯ ಸಾಲಿಗೆ ಗಂಟು ಹಾಕುವುದಿಲ್ಲ, ಒಂದು ಗೇಣು ದಾರ ಹೊರಗೆ ಬಿಡುತ್ತಾರೆ ಎಂದು ಹೇಳಿದಳು. ಉಟ್ಟು ಸವೆಸಿದ ಸೀರೆಯಲ್ಲಿ ಉಟ್ಟವಳು ಸ್ವಲ್ಪ ಉಳಿದಿರುತ್ತಾಳೆ. ಮನೆಯವರನ್ನು ನಾಲ್ಕು ದಿನ ಬೆಚ್ಚಗಿಟ್ಟು, ಮನಸ್ಸು ತುಂಬಿದ ಮೇಲೆ ಆ ದಾರ ಎಳೆದುಕೊಂಡು ದಾರಿ ಮಾಡಿಕೊಂಡು ಹೋಗುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ಮನೆಯ ಹಳೆಯ ಕೌದಿಗಳಲ್ಲಿ ಅಂಥ ತುದಿಗಳನ್ನು ನೇತ್ರಾವತಿ ಕಂಡಿದ್ದಳು. ಹೊಲಿದವರಿಗೆ ಮುಗಿಸಲು ಬರುವುದಿಲ್ಲ ಎಂದುಕೊಂಡು, ಅಂದ ಕಾಣಲೆಂದು ಕತ್ತರಿಯಲ್ಲಿ ಸವರಿಯೂ ಇದ್ದಳು.

ಬ್ಲೇಡ್ ಹಾಕಿ ಎಲ್ಲ ಬಿಚ್ಚಿಬಿಡುತ್ತೇನೆ ಎಂದಳು. ಬಸಮ್ಮ ಅವಳ ಮಣಿಕಟ್ಟು ಹಿಡಿದಳು.

"ಬ್ಲೇಡ್ ಮುಟ್ಟಿಸ್ಬ್ಯಾಡ. ಈಗ ಅವ್ನೂ ಅದ್ರೊಳಗೇ ಅವ್ನೆ. ಕೊಯ್ದ್ರೆ ಯಾರ್ನ ಕೊಯ್ದಂಗಾತು?"

ಕೈಸೂಜಿಯಿಂದ ಒಂದು ಸಾಲು ಹಾಕೋಣವೆಂದರೆ ಆ ಬಿಗಿಯಲ್ಲಿ ಬಟ್ಟೆ ಹಲಗೆಯಂತಾಗಿತ್ತು, ಸೂಜಿ ಇಳಿಯಲಿಲ್ಲ. ಮುಚ್ಚಿದ ಕೈಯೇ, ಮುಚ್ಚಿದ ಮಿಷನ್ನೇ ತೆಗೆಯಬೇಕು ಎಂದಳು ಬಸಮ್ಮ. ಒಂದು ಸಾಲು ಸಾಕು, ಮನೆಗೆ ಒಂದೇ ಬಾಗಿಲಲ್ಲವೇ ಎಂದಳು. ನೇತ್ರಾವತಿ ಎದ್ದು ಹೊರಡುವಾಗ ಮತ್ತೆ ಕರೆದಳು.

"ಅಕ್ಕ ದಾರ ಎಳಕಂಡು ಹೋಗೋವಾಗ ನೀನು ಹಿಡೀಬ್ಯಾಡ. ಹಿಡುದ್ರೆ ನಿಲ್ತಾಳೆ. ನಿಂತ್ಲು ಅಂದ್ರೆ ಮಗನ್ನ ಕರಕಂಡೇ ಹೋಗ್ತಾಳೆ."

ಮರುದಿನ ನಸುಕಿನಲ್ಲಿ ನಾಗರಾಜ ಕೆಲಸಕ್ಕೆ ಹೋದ ಕೂಡಲೇ ನೇತ್ರಾವತಿ ದೀಪ ಹಚ್ಚಿ, ಮನೆದೇವರು ಜುಂಜಪ್ಪನಿಗೆ ಕೈಮುಗಿದು ಮಿಷನ್ ಮುಂದೆ ಕುಳಿತಳು. ತರಬೇತಿಯಲ್ಲಿ ಯಾವ ಹೊಲಿಗೆಗೆ ಮೇಡಂ ಬೆರಳ ಮೇಲೆ ಸ್ಕೇಲಿನಿಂದ ಹೊಡೆದಿದ್ದರೋ ಅಂಥ ಹೊಲಿಗೆ ಈಗ ಬೇಕಿತ್ತು. ಮೇಲಿನ ಬಿಗಿಯನ್ನು ಒಂದಕ್ಕೆ ಇಳಿಸಿದಳು. ಬಾಬಿನ್ ಡಬ್ಬಿಯ ಪುಟ್ಟ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿದಳು. ಹೊಲಿಗೆಯ ಉದ್ದವನ್ನು ಮಿಷನ್ ಬಿಟ್ಟಷ್ಟೂ ಹೆಚ್ಚಿಸಿದಳು. ಮೇಲೆ ನೂಲಿನ ದಾರ, ಕೆಳಗೆ ನುಣುಪಾದ ಪಾಲಿಯೆಸ್ಟರ್. ಸೂಜಿಯಾದರೆ ಅದೇ ಹದಿನೆಂಟು. ಚಿಂದಿಯ ಮೇಲೆ ಹೊಲಿದು ತಿರುಗಿಸಿದಳು. ಮೇಲಿನ ದಾರ ಕೆಳಗಿಳಿದು ಕುಣಿಕೆ ಕುಣಿಕೆಯಾಗಿ ನಿಂತಿತ್ತು. ಕೆಳಗಿನ ದಾರ ಆ ಕುಣಿಕೆಗಳ ನಡುವೆ ಎಲ್ಲೂ ಕಟ್ಟಿಕೊಳ್ಳದೆ ನೆಟ್ಟಗೆ ಮಲಗಿತ್ತು. ತುದಿ ಹಿಡಿದು ಎಳೆದರೆ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು.

ಕೌದಿಯ ನಡುವಿನಿಂದ ಒಂದು ಮೂಲೆಯ ತನಕ ಹಾಗೆಯೇ ಒಂದು ಸಾಲು ಓಡಿಸಿದಳು. ಹಿಂದು ಮುಂದು ಓಡಿಸಲಿಲ್ಲ, ಗಂಟು ಹಾಕಲಿಲ್ಲ. ಕೆಳಗಿನ ದಾರದ ನಡುವಿನ ತುದಿಯನ್ನು ಅಲ್ಲಿ ಮಿಷನ್ನಿನ ಸೂಜಿ ಮಾಡಿದ್ದ ತೂತಿನಿಂದ ಒಳಕ್ಕೆ, ಕಂಬಳಿಯ ತನಕ, ಇಳಿಸಿದಳು. ಮೂಲೆಯಲ್ಲಿ ಅದೇ ದಾರವನ್ನು ಒಂದು ಗೇಣು ಹೊರಗೆ ಬಿಟ್ಟಳು. ಆ ಓರೆ ಸಾಲು ಅವಳ ಚೌಕಗಳನ್ನು ಸೀಳಿಕೊಂಡು ಹೋಗಿತ್ತು.

ನಾಗರಾಜ ಬಂದ. ಉಣ್ಣಲಿಲ್ಲ. ಕೌದಿ ಎಲ್ಲಿ ಎಂದು ಅಂದೇ ಮೊದಲ ಸಲ ಕೇಳಿದ. ಅವಳೇ ಹೊದಿಸಿದಳು, ಗೇಣು ದಾರ ತನ್ನ ಕಡೆಗೆ ಬರುವ ಹಾಗೆ.

ಹಟ್ಟಿಯಲ್ಲಿ ಆ ಹೊತ್ತಿಗೆ ಸದ್ದಿರಲಿಲ್ಲ. ಬಾಗಿಲಿನಿಂದ ಬಿಸಿಲು ಒಳಗೆ ಬಂದು ಚಾಪೆಯ ಅಂಚಿನಲ್ಲಿ ನಿಂತಿತ್ತು. ನೇತ್ರಾವತಿ ದಾರದ ತುದಿಯನ್ನೇ ನೋಡುತ್ತ ಕುಳಿತಳು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆ ತುದಿ ಒಂದು ಎಳ್ಳಿನಷ್ಟು ಸರಿಯಿತು. ಗಾಳಿ ಎಂದುಕೊಂಡಳು, ಗಾಳಿ ಇರಲಿಲ್ಲ. ಮತ್ತೆ ಸರಿಯಿತು. ಒಳಗಿನಿಂದ ಯಾರೋ ಅವಸರವಿಲ್ಲದೆ, ಹೆಜ್ಜೆಗೊಮ್ಮೆ ಎಳೆದುಕೊಳ್ಳುತ್ತಿದ್ದ ಹಾಗೆ ಗೇಣು ಮೋಟುಗೇಣಾಯಿತು, ಮೋಟುಗೇಣು ನಾಲ್ಕು ಬೆರಳಾಯಿತು.

ನಾಗರಾಜನ ಉಸಿರು ನಿಧಾನವಾಗುತ್ತ ಬಂತು. ಎರಡು ಉಸಿರಿನ ನಡುವಿನ ಬಿಡುವು ದೊಡ್ಡದಾಯಿತು. ಒಂದು ಉಸಿರು ಹೋದದ್ದು ತಿರುಗಿ ಬರಲಿಲ್ಲ. ಅವಳು ಕಾದಳು. ಬರಲಿಲ್ಲ. ಬಸಮ್ಮನ ಮಾತು ನೆನಪಿದ್ದೂ ಕೈ ತಾನಾಗಿ ಹೋಗಿ, ಉಳಿದಿದ್ದ ಒಂದು ಬೆರಳು ದಾರವನ್ನು ಚಿವುಟಿ ಹಿಡಿಯಿತು.

ದಾರ ಬಿಗಿಯಾಯಿತು. ಬಾವಿಯಲ್ಲಿ ಕೊಡ ತುಂಬಿದಾಗ ಹಗ್ಗದಲ್ಲಿ ಕೈಗೆ ತಿಳಿಯುವ ಭಾರ ಅದರ ಆಚೆ ತುದಿಯಲ್ಲಿತ್ತು. ಆ ಭಾರ ಎಳೆಯಲಿಲ್ಲ, ಜಗ್ಗಲಿಲ್ಲ. ಸುಮ್ಮನೆ ನಿಂತಿತ್ತು. ಯಾರೋ ತನ್ನನ್ನು ನೋಡುತ್ತಿದ್ದಾರೆ ಎನಿಸಿತು ನೇತ್ರಾವತಿಗೆ, ಆದರೆ ನೋಟ ತನ್ನನ್ನು ಹಾಯ್ದು ಮಲಗಿದವನ ಕಡೆ ಇತ್ತು.

"ಅತ್ತೆ," ಎಂದಳು ಮೆಲ್ಲಗೆ. "ನೀವು ಹೋಗ್ರಿ. ಇವ್ರು ಇಲ್ಲಿರ್ಲಿ."

ಬೆರಳು ಬಿಡಿಸಲು ಅವಳು ಪಟ್ಟ ಕಷ್ಟ ಅವಳಿಗೇ ಗೊತ್ತು. ಬಿಟ್ಟಳು. ದಾರದ ತುದಿ ಮೂಲೆಯೊಳಗೆ ಹೋಯಿತು. ಕೌದಿಯ ಮೇಲೆ ಓರೆ ಸಾಲು ಮೂಲೆಯಿಂದ ನಡುವಿನ ತನಕ ಒಂದೊಂದೇ ಹೊಲಿಗೆಯಾಗಿ ಸಡಿಲಿ, ಬರೀ ತೂತುಗಳಾಗಿ ಉಳಿಯಿತು.

ನಾಗರಾಜ ಮುಳುಗಿ ಎದ್ದವನ ಹಾಗೆ ಉಸಿರು ಎಳೆದ. ಕಣ್ಣು ಬಿಟ್ಟ. ಯಾರೂ ಅಲುಗಿಸಿರಲಿಲ್ಲ. ಎದ್ದು ಕುಳಿತು ತನ್ನ ಅಂಗೈಗಳನ್ನು ನೋಡಿಕೊಂಡ, ಬರಿದಾಗಿದ್ದವು.

"ಅವ್ವ ಹಳ್ಳ ದಾಟಿದ್ಲು. ನಾನು ನೀರಾಗೆ ಮೊಣಕಾಲುದ್ದ ಇಳಿದಿದ್ದೆ. ಕೂಗ್ದೆ. ತಿರುಗ್ಲಿಲ್ಲ. ಆಮೇಲೆ ಹಿಂದಿಂದ ಯಾರೋ ಸೆರಗು ಹಿಡ್ದಂಗೆ ನಿಂತ್ಲು." ಅವನು ಹೆಂಡತಿಯ ಕಡೆ ತಿರುಗಿದ. "ನೀನೇನಾ ಹಿಡ್ದಿದ್ದು?"

ನೇತ್ರಾವತಿ ಸುಳ್ಳು ಹೇಳಲಿಲ್ಲ. ಒಂದು ಗಳಿಗೆ ಹಿಡಿದೆ, ಹೆದರಿಕೆಯಾಯಿತು, ತಪ್ಪಾಯಿತು ಎಂದಳು.

"ಆವಾಗ್ಲೇ ತಿರುಗಿ ನೋಡಿದ್ದು ಅವ್ವ," ಎಂದ ನಾಗರಾಜ. "ಕೈ ಬೀಸಿದ್ಲು. ಬರ್ಬ್ಯಾಡ ಅಂತ."

ಅಷ್ಟು ಹೇಳಿ ಅವನು ಕೌದಿಯಲ್ಲಿ ಮುಖವಿಟ್ಟು ಅಳತೊಡಗಿದ. ಹೊರಗೆ ಹೆಂಗಸರು ಕೊಡ ಕುಕ್ಕಿ ನೀರಿಗೆ ಕೂಗಿದರು. ನೇತ್ರಾವತಿ ಬಾಗಿಲಿಗೆ ಹೋಗಿ, ಇವತ್ತು ಸ್ವಲ್ಪ ತಡ ಆಗ್ತೈತೆ, ಕುಂತ್ಕಳ್ರಿ ಎಂದು ಹೇಳಿ ಒಳಗೆ ಬಂದಳು.