ಹಸಿರು ಗುಂಡಿ

ಶಾಲೆಯಲ್ಲಿ ಮುನ್ನೂರ ಇಪ್ಪತ್ತು ಮಕ್ಕಳು, ನಾಲ್ಕು ಪಾಯಿಖಾನೆ. ನೀರು ಮಾತ್ರ ಇರಲಿಲ್ಲ. ಪಂಪು ಕೆಟ್ಟು ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಆರಕ್ಕೇ ಆಯಾ ರಸ್ತೆ ತುದಿಯ ನಲ್ಲಿಯಿಂದ ಎರಡೆರಡು ಬಕೆಟ್ ಹೊತ್ತು ತಂದು, ಹಿಂದಿನ ದಿನದ ಹೊಲಸನ್ನು ಕಡ್ಡಿಪೊರಕೆಯಲ್ಲಿ ಕೆರೆದು ತೊಳೆಯುತ್ತಿದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ವಾಸನೆ ಒಳಗೆ ನುಗ್ಗುತ್ತಿತ್ತು. ಹನ್ನೊಂದು ವರ್ಷವಾದರೂ ಆ ವಾಸನೆ ಅವಳಿಗೆ ರೂಢಿಯಾಗಿರಲಿಲ್ಲ. ಹತ್ತು ಗಂಟೆಗೆ ಹೋಗಿ ನೋಡಿದರೆ ಮತ್ತೆ ಮೊದಲಿನಂತೆಯೇ.

ಅದೇ ಕಟ್ಟಡದ ಮೂಲೆಯಲ್ಲಿ ಇನ್ನೊಂದು ಕೋಣೆ. ಅದಕ್ಕೆ ಹೊಸ ಬಣ್ಣ, ಹೊಸ ಬೀಗ, ಗೋಡೆಗೆ ಎ.ಸಿ. ಒಳಗೆ ನಲವತ್ತು ಟ್ಯಾಬುಗಳು. ಸೆಕೆಗೆ ಅವು ಕೆಡುತ್ತವಂತೆ. ಮಕ್ಕಳು ಮಾತ್ರ ಸೆಕೆಗೆ ಕೆಡುವುದಿಲ್ಲ ಎಂದು ಯಾರೋ ತೀರ್ಮಾನ ಮಾಡಿದ್ದರು. ಅವರ ಕೋಣೆಗಳಲ್ಲಿ ಒಂದೊಂದು ಫ್ಯಾನು, ಅದೂ ಕರೆಂಟಿದ್ದರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಟ್ಯಾಬಿನ ಕೋಣೆಯ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಏನೋ ಬರೆಸಿದ್ದರು. ಆಯಾಗೆ ಓದಲು ಬರುತ್ತಿರಲಿಲ್ಲ. ಎರಡನೇ ಕ್ಲಾಸಿಗೇ ಅವಳ ಓದು ಮುಗಿದಿತ್ತು. ಓದಿನ ಟೀಚರು ಓದಿ ಹೇಳಿದ್ದರು: "ನನ್ನ ಕಲಿಕೆಗೆ ನಾನೇ ಒಡೆಯ."

"ಹಂಗಂದ್ರೇನು ಟೀಚರ್?"

"ಮಕ್ಕಳು ಏನು ಕಲೀಬೇಕು, ಎಷ್ಟು ಬೇಗ ಕಲೀಬೇಕು ಅಂತ ತಾವೇ ಆರಿಸ್ಕೋತಾರೆ. ಮಿಷನ್ನು ಅವರ ಹಿಂದೆ ಹೋಗುತ್ತೆ. ಶಿಕ್ಷಣ ಕಚೇರಿಯವರ ಹೊಸ ಯೋಜನೆ."

"ಒಳ್ಳೇದಲ್ವಾ?"

"ಒಳ್ಳೇದೇ ಕಣಮ್ಮ. ಆದ್ರೆ ಆರಿಸ್ಕೊಳ್ಳೋಕೆ ಮೊದಲು ಓದೋಕೆ ಬರಬೇಕಲ್ಲ."

ಓದಿನ ಟೀಚರು ಎಂದರೆ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆಂದೇ ಇದ್ದ ಟೀಚರು. ಅವರಿಗೆ ಕೋಣೆ ಇರಲಿಲ್ಲ. ಮೆಟ್ಟಿಲ ಕೆಳಗೆ ಚಾಪೆ ಹಾಸಿಕೊಂಡು ಐದೈದು ಮಕ್ಕಳನ್ನು ಕೂರಿಸಿಕೊಂಡು, ಬೆರಳಿಟ್ಟು ಓದಿಸುತ್ತಿದ್ದರು. ಆ ಮಕ್ಕಳಲ್ಲಿ ಆಯಾಳ ಮಗಳೂ ಒಬ್ಬಳು. ಐದನೇ ಕ್ಲಾಸು. ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ಇಡೀ ಬೀದಿ ಅವಳನ್ನು ಮಾತಿನಮಲ್ಲಿ ಎಂದೇ ಕರೆಯುತ್ತಿತ್ತು. ಆದರೆ ಪುಸ್ತಕ ಕೊಟ್ಟರೆ ಅಕ್ಷರಕ್ಕೆ ಅಕ್ಷರ ಕೂಡಿಸಲು ತಿಣುಕುತ್ತಿದ್ದಳು. ಟೀಚರ ಕೈಯಲ್ಲಿ ಒಂದು ವರ್ಷ ಕೂತ ಮೇಲೆ ಸಣ್ಣ ಸಣ್ಣ ಸಾಲು ಓದತೊಡಗಿದ್ದಳು. ಒಂದು ಸಂಜೆ ಮನೆಯಲ್ಲಿ ಔಷಧದ ಬಾಟಲಿ ಹಿಡಿದು, "ಅಮ್ಮ, ಚೆನ್ನಾಗಿ ಅಲುಗಾಡಿಸಿ ಅಂತ ಬರೆದಿದೆ. ನೀನು ಅಲುಗಾಡಿಸೋದೇ ಇಲ್ಲ," ಎಂದು ಗದರಿದ್ದಳು. ಆಯಾ ಆ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಯೋಜನೆ ಬಂದ ಮೂರನೇ ತಿಂಗಳು ದೊಡ್ಡ ಮೇಷ್ಟ್ರು ಆಯಾಳನ್ನು ಟ್ಯಾಬಿನ ಕೋಣೆಗೆ ಕರೆದರು. ಅವರ ಮುಖ ಬಾಡಿತ್ತು.

"ನೋಡಮ್ಮ, ಒಂದೊಂದು ಮಗು ವಾರಕ್ಕೆ ಮೂರು ಗಂಟೆ ಇದರಲ್ಲಿ ಕಲೀಬೇಕು ಅಂತ ಮೇಲಿನವರ ಆರ್ಡರು. ಇರೋದು ನಲವತ್ತು ಟ್ಯಾಬು. ನೆಟ್ಟು ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಒಂದೊಂದಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಕಚೇರಿಯ ಬೋರ್ಡಲ್ಲಿ ನಮ್ಮ ಶಾಲೆ ಪೂರ್ತಿ ಕೆಂಪು ತೋರಿಸ್ತಿದೆಯಂತೆ. ದಿನಾ ಬೈಸ್ಕೋತಿದ್ದೀನಿ."

"ಅದಕ್ಕೆ ನಾನೇನು ಮಾಡ್ಲಿ ಸಾರ್?"

"ಹೇಗೂ ಸಂಜೆ ನೀನು ಟ್ಯಾಬು ಒರೆಸ್ತೀಯಲ್ಲ, ಒರೆಸ್ತಾ ಒರೆಸ್ತಾ ಈ ಹಸಿರು ಗುಂಡಿ ಒತ್ತು. ಮಕ್ಕಳ ಫೋಟೋ ಬರುತ್ತೆ. ಒಂದು ಫೋಟೋ ಮುಟ್ಟು, ಹಸಿರು ಒತ್ತು. ಆಮೇಲೆ ಇನ್ನೊಂದು ಫೋಟೋ. ಅಷ್ಟೇ."

"ನಂಗೆ ಓದೋಕೆ ಬರಲ್ವಲ್ಲ ಸಾರ್."

"ಓದೋದೇ ಬೇಡ."

ಅಂದಿನಿಂದ ನಾಲ್ಕು ಗಂಟೆಗೆ ಮುಗಿಯುತ್ತಿದ್ದ ಕೆಲಸ ಆರೂವರೆಗೆ ಹೋಯಿತು. ಆ ಎರಡೂವರೆ ಗಂಟೆಗೆ ಯಾವ ರಿಜಿಸ್ಟರಿನಲ್ಲೂ ಜಾಗವಿರಲಿಲ್ಲ. ಮಕ್ಕಳ ಸಿಂಬಳ, ಜಿಡ್ಡು, ಚಾಕೊಲೇಟು ಮೆತ್ತಿದ ಗಾಜನ್ನು ಒರೆಸುವುದು, ಫೋಟೋ ಮುಟ್ಟುವುದು, ಒತ್ತುವುದು. ಹಸಿರು ಒತ್ತಿದರೆ ಪ್ರಶ್ನೆ ಬರುತ್ತಿತ್ತು, ಕೆಳಗಿನ ಉತ್ತರಗಳಲ್ಲಿ ಕೈಗೆ ಸಿಕ್ಕಿದ್ದನ್ನು ಅವಳು ಮುಟ್ಟುತ್ತಿದ್ದಳು. ತಪ್ಪಾದರೆ ಟ್ಯಾಬು ಕುಂಯ್ ಎನ್ನುತ್ತಿತ್ತು. ಮೂರು ಸಲ ಕುಂಯ್ ಎಂದ ಮೇಲೆ ಸರಿಯುತ್ತರವನ್ನು ತಾನೇ ಹೊಳೆಯಿಸಿ ತೋರಿಸುತ್ತಿತ್ತು. ಅದನ್ನು ಮುಟ್ಟಿದರೆ ಒಳಗಿನಿಂದ ಒಂದು ಹೆಣ್ಣು ದನಿ ಕುಣಿದಾಡುತ್ತಿತ್ತು: "ಭಲೇ! ನಿನ್ನ ಕಲಿಕೆಗೆ ನೀನೇ ಒಡೆಯ!"

ಒಂದು ಸಂಜೆಗೆ ಆ ಭಲೇ ಆಯಾಳ ಕಿವಿಗೆ ಐನೂರು ಸಲವಾದರೂ ಬೀಳುತ್ತಿತ್ತು. ಮಗಳ ಫೋಟೋ ಬಂದಾಗ ಅವಳು ಸ್ವಲ್ಪ ಹೆಚ್ಚೇ ಒತ್ತುತ್ತಿದ್ದಳು. ಏನೋ ಒಳ್ಳೆಯದು ಆಗುತ್ತಿರಬೇಕು, ಹೆತ್ತ ಮಗಳಿಗೆ ನಾಲ್ಕು ಭಲೇ ಜಾಸ್ತಿ ಬಿದ್ದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದಳು.

ಅರ್ಧ ವರ್ಷ ಕಳೆಯಿತು. ಒಂದು ದಿನ ಮಧ್ಯಾಹ್ನ ಓದಿನ ಟೀಚರು ಮೆಟ್ಟಿಲ ಕೆಳಗೆ ಚಾಪೆ ಸುತ್ತುತ್ತಿದ್ದರು.

"ಎಲ್ಲಿಗೆ ಟೀಚರ್?"

"ತೆಗೆದು ಹಾಕಿದ್ರು ಕಣಮ್ಮ. ಕಚೇರಿಯ ಬೋರ್ಡಲ್ಲಿ ಈ ಶಾಲೆ ಪೂರ್ತಿ ಹಸಿರಂತೆ. ಹಿಂದೆ ಬಿದ್ದೋರು ಒಬ್ಬರೂ ಇಲ್ವಂತೆ. ಮತ್ತೆ ನಾನ್ಯಾಕೆ?" ಟೀಚರು ನಕ್ಕರು. ಕಣ್ಣು ನಗಲಿಲ್ಲ. "ನಿನ್ನ ಮಗಳು ಇಡೀ ಶಾಲೆಗೇ ಮೊದಲಂತೆ. ಹೇಗೆ ಅಂತ ನಂಗೇ ಅರ್ಥ ಆಗ್ತಿಲ್ಲ. ಮೊನ್ನೆ ಓದಿಸಿದ್ರೆ ಒಂದು ಸಾಲೂ ಬರಲಿಲ್ಲ ಅವಳಿಗೆ."

ಆಯಾಳ ಕೈಯಲ್ಲಿದ್ದ ಬಕೆಟ್ಟು ಕೆಳಗೆ ಬಿತ್ತು. ನೀರು ಚಾಪೆಯವರೆಗೂ ಹರಿಯಿತು.

ಆ ಸಂಜೆ ಅವಳು ಟ್ಯಾಬು ಮುಟ್ಟಲಿಲ್ಲ. ನೇರ ಮನೆಗೆ ಹೋಗಿ ಸೋಪಿನ ಹೊದಿಕೆಯೊಂದನ್ನು ಮಗಳ ಮುಂದೆ ಹಿಡಿದಳು.

"ಇದನ್ನ ಓದೇ."

ಹುಡುಗಿ ಚಿತ್ರ ನೋಡಿ, "ಸೋಪು," ಎಂದಳು.

"ಚಿತ್ರ ಬೇಡ. ಅಕ್ಷರ ಓದು."

ಮಾತಿನಮಲ್ಲಿ ಹೊದಿಕೆಯನ್ನು ಮಡಿಸಿದಳು, ಬಿಡಿಸಿದಳು. ಕೊನೆಗೆ ಬಿಕ್ಕಿದಳು.

"ಆ ಮಿಷನ್ನು ನಂಗೆ ಆರನೇ ಕ್ಲಾಸಿಂದು ಕೊಡ್ತಿದೆ ಅಮ್ಮ. ಉದ್ದುದ್ದ ಸಾಲು. ಮೊದಲು ಸಣ್ಣದು ಕೊಡ್ತಿತ್ತು, ಆವಾಗ ಬರ್ತಿತ್ತು. ನೀನು ಇದೆಲ್ಲ ಕಲಿತಾಗಿದೆ ಅಂತ ಅದು ಹೇಳುತ್ತೆ. ನಾನು ಯಾವಾಗ ಕಲಿತೆ? ನಂಗೆ ಮರೆವು ಜಾಸ್ತಿ ಆಗಿದೆ ಅನ್ಸುತ್ತೆ. ಈಗ ಅಕ್ಷರ ನೋಡಿದ್ರೇನೇ ಹೆದರಿಕೆ ಆಗುತ್ತೆ. ನಾನು ದಡ್ಡಿ."

ಆಯಾ ತನ್ನ ಎರಡು ಹೆಬ್ಬೆರಳುಗಳನ್ನು ನೋಡಿಕೊಂಡಳು. ಪಾಯಿಖಾನೆ ತೊಳೆದ ಕೈಯಲ್ಲಿ ಅವಳು ಎಂದೂ ಮಗಳಿಗೆ ತುತ್ತು ಕೊಟ್ಟವಳಲ್ಲ, ಮೂರು ಸಲ ಸೋಪು ಹಾಕುತ್ತಿದ್ದಳು. ಅಂದು ಎಷ್ಟು ಸಲ ಸೋಪು ಹಾಕಿದರೂ ಆ ಕೈಯಲ್ಲಿ ಮಗಳ ತಲೆ ಸವರಲು ಅವಳಿಗೆ ಅಸಹ್ಯವಾಯಿತು.

ಮರುದಿನ ದೊಡ್ಡ ಮೇಷ್ಟ್ರ ಮೇಜಿನ ಮುಂದೆ ನಿಂತಳು.

"ಒತ್ತಿದ್ದೆಲ್ಲ ಅಳಿಸಿ ಸಾರ್. ನನ್ನ ಮಗಳನ್ನ ಮೊದಲಿದ್ದ ಜಾಗಕ್ಕೆ ತಂದಿಡಿ. ಓದಿನ ಟೀಚರನ್ನ ಕರೆಸಿ."

"ಅಳಿಸೋಕೆ ಬರಲ್ಲ. ಅದು ಕಚೇರೀಲಿ ಸೇರಿಬಿಟ್ಟಿದೆ." ಮೇಷ್ಟ್ರು ದನಿ ತಗ್ಗಿಸಿದರು. "ನೀನು ಸುಮ್ನಿರು. ಬಾಯಿ ಬಿಟ್ಟರೆ ಸಿಕ್ಕಿಬೀಳೋಳು ನೀನೇ. ಒತ್ತಿದ್ದು ನಿನ್ನ ಬೆರಳು, ನನ್ನದಲ್ಲ."

"ಒತ್ತು ಅಂದೋರು ನೀವು."

"ಎಲ್ಲಿದೆ ಬರಹ? ತೋರಿಸು."

ಹೇಳಲು ನಾಚಿಕೆ, ಅವಳು ಇನ್ನೂ ಆರು ದಿನ ಒತ್ತಿದಳು. ಕೆಲಸ ಹೋದರೆ ಒಲೆ ಉರಿಯುವುದಿಲ್ಲ. ಭಲೇ ಕೇಳಿಸದಿರಲೆಂದು ಸೆರಗನ್ನು ಕಿವಿಗೆ ಬಿಗಿದುಕೊಂಡಳು. ಹಾಗೇ ಒತ್ತಿದಳು.

ಏಳನೆಯ ದಿನ ಶಿಕ್ಷಣ ಕಚೇರಿಯ ಸಾಹೇಬರು ಬಂದರು. ಈ ಶಾಲೆಯೇ ಎಲ್ಲಕ್ಕೂ ಮೊದಲು ಎಂದು ಸಭೆ ಏರ್ಪಾಟಾಗಿತ್ತು. ಕ್ಯಾಮೆರಾ ಹಿಡಿದ ಇಬ್ಬರು, ದೊಡ್ಡ ಪರದೆ, ಪರದೆಯ ತುಂಬ ಹಸಿರು ಚುಕ್ಕೆಗಳು. ತಾಯಂದಿರನ್ನೂ ಕರೆಸಿದ್ದರು. ಸಾಹೇಬರಿಗೆಂದು ಒಂದು ಪಾಯಿಖಾನೆಗೆ ಬೀಗ ಹಾಕಿ ಇಟ್ಟಿದ್ದರು. ಅದಕ್ಕೆ ನೀರು ಹೊತ್ತವಳೂ ಆಯಾಳೇ.

"ಮಗುವಿಗೆ ಕಲಿಕೆಯ ಒಡೆತನ ಕೊಟ್ಟಿದ್ದೇವೆ!" ಎಂದು ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಕಾಗದ ನೋಡಿ ಮಾತಿನಮಲ್ಲಿಯನ್ನು ವೇದಿಕೆಗೆ ಕರೆದರು. "ಇವಳೇ ನಮ್ಮ ನಂಬರ್ ಒನ್. ಒಬ್ಬ ಆಯಾಳ ಮಗಳು! ಬಾ ಮಗು, ನೀನೇ ಆರಿಸಿಕೊಂಡ ಪಾಠ ಓದು. ಎಲ್ಲರೂ ಕೇಳಲಿ."

ಹುಡುಗಿ ಟ್ಯಾಬು ಹಿಡಿದು ನಿಂತಳು. ಕಿವಿ ಕೆಂಪಗಾಯಿತು. ತುಟಿ ಅಲುಗಿತು, ದನಿ ಬರಲಿಲ್ಲ. ಒಂದು ನಿಮಿಷ. ಎರಡು ನಿಮಿಷ. ಕ್ಯಾಮೆರಾದವನು ಅವಳ ಮುಖದ ಹತ್ತಿರ ಬಂದ.

"ಹುಷಾರಿಲ್ಲ ಸಾರ್ ಅವಳಿಗೆ," ಎಂದರು ದೊಡ್ಡ ಮೇಷ್ಟ್ರು.

ಸಾಹೇಬರು ನಗುಮುಖದಲ್ಲೇ ತಾಯಂದಿರ ಕಡೆ ತಿರುಗಿದರು. "ನೋಡಿ, ಮನೆಯಲ್ಲಿ ನೀವು ಕೂರಿಸಿ ಓದಿಸದಿದ್ದರೆ ಹೀಗೇ ಆಗೋದು. ನಾವು ಎಲ್ಲ ಕೊಟ್ಟಿದ್ದೇವೆ. ಒಡೆತನ ಅಂದ್ರೆ ಜವಾಬ್ದಾರಿ. ಇನ್ನು ಬರದಿದ್ದರೆ ಅದು ಆ ಮಗುವಿನದೇ ತಪ್ಪು."

ಬಾಗಿಲ ಬಳಿ ನೆಲ ಒರೆಸುವ ಕೋಲು ಹಿಡಿದು ನಿಂತಿದ್ದ ಆಯಾ ಅದನ್ನು ಅಲ್ಲೇ ಎಸೆದಳು. ಸಾಲುಗಳ ನಡುವೆ ನಡೆದು ವೇದಿಕೆ ಹತ್ತಿ ಮಗಳ ಕೈಯಿಂದ ಟ್ಯಾಬು ತೆಗೆದುಕೊಂಡಳು.

"ನನ್ನ ಮಗಳದ್ದಲ್ಲ ಸ್ವಾಮಿ ತಪ್ಪು. ನಿಮ್ಮ ನಂಬರ್ ಒನ್ ನಾನು."

"ಯಾರಿದು? ಇಳಿಸ್ರಿ ಕೆಳಗೆ."

ಅವಳು ಟ್ಯಾಬನ್ನು ನೋಡಲೇ ಇಲ್ಲ. ಸಾಹೇಬರ ಕಣ್ಣಲ್ಲಿ ಕಣ್ಣಿಟ್ಟು ಹೆಬ್ಬೆರಳು ಆಡಿಸಿದಳು. ಕುಂಯ್. ಕುಂಯ್. ಕುಂಯ್. ಆಗ ಒಮ್ಮೆ ಮಾತ್ರ ಕೆಳಗೆ ನೋಡಿ ಹೊಳೆಯುವುದನ್ನು ಮುಟ್ಟಿದಳು. "ಭಲೇ! ನಿನ್ನ ಕಲಿಕೆಗೆ ನೀನೇ ಒಡೆಯ!" ಎಂದಿತು ಟ್ಯಾಬು. ಮೈಕು ಹತ್ತಿರವೇ ಇತ್ತು, ಇಡೀ ಸಭೆಗೆ ಕೇಳಿಸಿತು. ಅವಳು ಮತ್ತೆ ಒತ್ತಿದಳು. ಮತ್ತೆ ಮೂರು ಕುಂಯ್, ಮತ್ತೆ ಭಲೇ.

"ನಂಗೆ ಒಂದಕ್ಷರ ಬರಲ್ಲ. ಆರು ತಿಂಗಳಿಂದ ಈ ಮುನ್ನೂರ ಇಪ್ಪತ್ತು ಮಕ್ಕಳ ಪಾಠ ಓದಿದ್ದು ನಾನೇ. ಆ ಪರದೆ ಮೇಲಿರೋ ಹಸಿರೆಲ್ಲ ನನ್ನ ಹೆಬ್ಬೆಟ್ಟು."

ತಾಯಂದಿರ ಸಾಲಿನಲ್ಲಿ ಮೊದಲು ಎದ್ದವಳು ಶಾಲೆಯ ಎದುರು ಇಸ್ತ್ರಿ ಮಾಡುವ ಹೆಂಗಸು.

"ನನ್ನ ಮಗಂದೂ ಒತ್ತಿದ್ಯಾ?"

"ಒತ್ತಿದ್ದೀನಿ ಅಕ್ಕ."

"ಥೂ! ದಿನಾ ಬೆಳಗಾದ್ರೆ ನಿನ್ನ ಮುಖ ನೋಡ್ತಿದ್ದೆನಲ್ಲೇ! ಅವನು ಶಾಲೆ ಬಿಡ್ತೀನಿ ಅಂತ ಅಳ್ತಾನೆ, ನಾನು ಅವನಿಗೆ ಹೊಡೀತಿದ್ದೆ. ನಿನ್ನ ಕೈ ಸೇದಿಹೋಗಾ!"

"ಉಗಿ ಅಕ್ಕ, ನಾನು ಉಗಿಸಿಕೊಳ್ಳಬೇಕಾದೋಳೇ. ಉಗಿದಾದ ಮೇಲೆ ಈ ಕಡೆ ತಿರುಗಿ ಇವರನ್ನೂ ಒಂದು ಮಾತು ಕೇಳು."

ಇಸ್ತ್ರಿಯವಳು ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಸಾಹೇಬರ ಕಡೆ ತಿರುಗಿದಳು. ಅಷ್ಟರಲ್ಲಿ ಪರದೆ ಆರಿಸಿದ್ದರು. ಸಾಹೇಬರು ಹಿಂದಿನ ಬಾಗಿಲಿಂದ ಕಾರು ಹತ್ತಿದ್ದರು.

ವಿಚಾರಣೆ ನಡೆಯಿತು. ಮೂರೇ ದಿನದಲ್ಲಿ ವರದಿ ಬಂತು. ಮಕ್ಕಳ ಸಾಧನಗಳನ್ನು ಅನುಮತಿಯಿಲ್ಲದೆ ದುರ್ಬಳಕೆ ಮಾಡಿದ ಆಯಾಳನ್ನು ಕೆಲಸದಿಂದ ತೆಗೆಯಲಾಗಿದೆ. ದೊಡ್ಡ ಮೇಷ್ಟ್ರಿಗೆ ದೊಡ್ಡ ಶಾಲೆಗೆ ವರ್ಗ. ಯೋಜನೆ ಯಶಸ್ವಿಯಾದ್ದರಿಂದ ಮುಂದಿನ ವರ್ಷ ಇನ್ನೂ ಇನ್ನೂರು ಶಾಲೆಗಳಿಗೆ. ಮಕ್ಕಳ ಲೆಕ್ಕದಲ್ಲಿ ಹಸಿರು ಹಾಗೇ ಉಳಿಯಿತು. ಓದಿನ ಟೀಚರ ಜಾಗ ಖಾಲಿಯೇ ಉಳಿಯಿತು. ಕೊಂದವನೇ ಹೆಣಕ್ಕೆ ಹೆಗಲು ಕೊಟ್ಟ ಹಾಗೆ ವರದಿಯ ಕೆಳಗೆ ಸಹಿ ಹಾಕಿದವರೂ ಅದೇ ಸಾಹೇಬರು.

ವರದಿಯನ್ನು ಬೀದಿಯಲ್ಲಿ ಓದಿ ಹೇಳಲು ಬಂದವರು ಓದಿನ ಟೀಚರು. ಇಸ್ತ್ರಿಯವಳು ಪೂರ್ತಿ ಕೇಳಿ, ಇಸ್ತ್ರಿಪೆಟ್ಟಿಗೆಯ ಕೆಂಡ ಸುರಿದು ನೀರು ಹಾಕಿದಳು. "ನಡೀರಿ," ಎಂದಳು.

ಸೋಮವಾರ ಬೆಳಿಗ್ಗೆ ಶಿಕ್ಷಣ ಕಚೇರಿಯ ಮೊಗಸಾಲೆಯಲ್ಲಿ ಎಪ್ಪತ್ತು ಹೆಂಗಸರು ಮಕ್ಕಳ ಸಮೇತ ಕೂತಿದ್ದರು. ಜವಾನ ಓಡಿ ಬಂದ.

"ಏನಿದ್ರೂ ಅರ್ಜಿ ಬರೆದು ಕೊಟ್ಟು ಹೋಗಿ."

"ಬರೆಯೋಕೆ ಬಂದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವಿ?" ಎಂದಳು ಇಸ್ತ್ರಿಯವಳು. "ಸಾಹೇಬ್ರನ್ನ ಕರೀರಿ. ಒಂದೊಂದೇ ಮಗು ಅವರ ಮುಂದೆ ನಿಂತು ಓದುತ್ತೆ. ಹಸಿರೋ ಕೆಂಪೋ ಅವರೇ ಕಿವಿಯಾರೆ ಕೇಳ್ಲಿ."

ಸಾಹೇಬರ ಕೋಣೆಯ ಬಾಗಿಲು ತೆರೆಯಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಓದಿನ ಟೀಚರು ಚೀಲದಿಂದ ಸೀಮೆಸುಣ್ಣ ತೆಗೆದು ಕಚೇರಿಯ ನೆಲದ ಮೇಲೇ ದೊಡ್ಡದಾಗಿ ಒಂದು ಸಾಲು ಬರೆದರು. ಮಾತಿನಮಲ್ಲಿ ಬೆರಳಿಟ್ಟು ಕೂಡಿಸತೊಡಗಿದಳು. ಪಕ್ಕದಲ್ಲಿ ಕೂತ ಆಯಾಳ ತುಟಿಯೂ ಅಲುಗುತ್ತಿತ್ತು.

ಒಂದು ಗಂಟೆಗೆ ಊಟಕ್ಕೆ ಹೊರಟ ಸಾಹೇಬರು ಬಾಗಿಲು ತೆಗೆದರು. ಹೊಸ್ತಿಲಿಂದ ಮೆಟ್ಟಿಲವರೆಗೂ ಅಕ್ಷರ, ಅಕ್ಷರದ ಸುತ್ತ ಮಕ್ಕಳು. ಕಾಲಿಡಲು ಜಾಗವಿರಲಿಲ್ಲ.

"ಇದೇನಿದು? ಇದು ಕಚೇರಿ, ಶಾಲೆಯಲ್ಲ!"

"ಶಾಲೆ ಎಲ್ಲಿದೆ ಅಂತ ತೋರಿಸಿ ಸ್ವಾಮಿ," ಎಂದಳು ಆಯಾ, ಕೂತಲ್ಲಿಂದ ಏಳದೆ. "ಈಗಲೇ ಎದ್ದು ಹೋಗ್ತೀವಿ."

ಸಾಹೇಬರು ಜವಾನನ ಕಡೆ ನೋಡಿದರು. ಜವಾನ ನೆಲದ ಕಡೆ ನೋಡಿದ. ಅವನ ಮಗಳೂ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು.